ವೀರಣ್ಣ ಮಾಸ್ತರರ ಎಕ್ಕೆಯ ಹುಳುಗಳು

ವೀರಣ್ಣ ಮಾಸ್ತರರ ಅಂಗಿಯ ಜೇಬಿನ ಕೆಳಗೆ ಸದಾ ಒಂದು ಕಂದು ಕಲೆ. ಶಾಯಿಯದಲ್ಲ, ಎಕ್ಕೆ ಹಾಲಿನದು. ದಾರಿಯಲ್ಲಿ ಎಕ್ಕೆ ಗಿಡ ಕಂಡರೆ ನಾಲ್ಕು ಎಲೆ ಕಿತ್ತು ಜೇಬಿಗೆ ತುರುಕುವರು. ಮನೆಯ ಡಬ್ಬಿಯಲ್ಲಿ ಸಾಕಿದ ಹುಳುಗಳಿಗೆ ಅದೇ ಊಟ.

ಜಹೀರಾಬಾದಿನ ನನ್ನ ನರ್ಸರಿಗೆ ಮೊದಲ ಸಲ ಬಂದಾಗ, ಹುಳು ತಿಂದು ಜರಡಿಯಾದ ಕರಿಬೇವಿನ ಸಸಿಯನ್ನೇ ಆರಿಸಿದರು. ಚೌಕಾಸಿಯ ಹೊಸ ವರಸೆ ಎಂದುಕೊಂಡು ನಾನೇ ರೇಟು ಇಳಿಸಿದೆ.

"ಯಾಕ್ರಿ ಸಾವ್ಕಾರ್ರ, ಹುಳಾ ಪುಕ್ಕಟ ಕೊಡ್ತೀರೇನು? ಪೂರಾ ರೊಕ್ಕಾ ತಗೋರಿ!"

ಕೂಲಿಯಿಂದ ಮೇಲೆ ಬಂದವನು ನಾನು. ಇಳಿಸಿದ ರೇಟು ಬೇಡವೆನ್ನುವ ಗಿರಾಕಿಯನ್ನು ನಂಬಬೇಡಿ ಎಂದು ಎಲ್ಲರಿಗೂ ಹೇಳುತ್ತೇನೆ. ಇವರ ಮುಂದೆ ಮಾತ್ರ ಸೋತೆ.

ತೆಲಂಗಾಣ ಹೋರಾಟದ ಮುಷ್ಕರಕ್ಕೆ ಶಾಲೆಗಳು ಮುಚ್ಚಿದ್ದವು. ಮಾಸ್ತರರೂ ಬೆಳಿಗ್ಗೆ ಧರಣಿಗೆ ಕೂತು ನರ್ಸರಿಗೆ ಬರುವರು. "ರಾಜ್ಯ ಬರ್ಲಿರಿ. ಆದ್ರ ತಿಂಗಳ ಆಖರಿಗಿ ನಂದು ರಿಟೈರ್. ಹುಳಾ ಪಾತರಗಿತ್ತಿ ಆಗಿ ಹಾರೋದು ಮಕ್ಕಳಿಗಿ ತೋರ್ಸಿ ಹೋಗ್ಬೇಕು."

ಅಷ್ಟರಲ್ಲಿ ತಾಂಡೂರಿನಲ್ಲಿದ್ದ ಅವರ ಅಣ್ಣನಿಗೆ ಮೈ ಹುಷಾರು ತಪ್ಪಿತು. "ದಿನಾ ತಾಜಾ ಎಲಿ ಹಾಕ್ರಿ, ಅಷ್ಟೇ" ಎಂದು ಡಬ್ಬಿಯನ್ನು ನನ್ನ ಕೈಗಿತ್ತು ಹೋದರು. ಮುಷ್ಕರಕ್ಕೆ ಬಸ್ಸು ನಿಂತು ನಾಲ್ಕು ದಿನ ಅಲ್ಲೇ ಸಿಕ್ಕಿಬಿದ್ದರು.

ಮಾಸ್ತರರ ಹುಳುಗಳಿಗೆ ಬೀದಿಯ ಎಕ್ಕೆಯ ವಿಷದೆಲೆ ಯಾಕೆ, ನನ್ನಲ್ಲಿ ಒಳ್ಳೇ ಮಾಲಿರುವಾಗ? ಕರಿಬೇವಿನ ಕುಡಿ ಹಾಕಿದೆ. ಮುಟ್ಟಲಿಲ್ಲ. ಇನ್ನೂ ಎಳೆಯದು ಹಾಕಿದೆ. ಮೂರನೆಯ ದಿನಕ್ಕೆ ಹುಳುಗಳೆಲ್ಲ ಸುರುಟಿ ಸತ್ತು ಬಿದ್ದಿದ್ದವು. ಯಾರಿಗಾದರೂ ಉಣಿಸುವ ಮೊದಲು ಏನು ಉಣ್ಣುತ್ತಾರೆಂದು ಕೇಳಿಕೊಳ್ಳಿ. ಒಳ್ಳೇ ಮಾಲು ಎನ್ನುವುದು ಕೊಡುವವನ ಮಾತು.

ಮರಳಿ ಬಂದ ಮಾಸ್ತರರು ಡಬ್ಬಿ ತೆರೆದು, ಬಾಡಿದ ಕರಿಬೇವಿನ ಕುಡಿಯನ್ನು ಎತ್ತಿ ನೋಡಿದರು.

"ಕರಿಬೇವಿನ ಹುಳಾ ಬ್ಯಾರೆ, ಎಕ್ಕಿ ಹುಳಾ ಬ್ಯಾರೆರಿ. ತನ್ನ ಎಲಿ ಉಳಿಸ್ಕೊಳ್ಳಾಕ ಎಕ್ಕಿ ಹಾಲಿನಾಗ ವಿಷ ಇಟ್ಕೊಂತು. ಈ ಹುಳಾ ಆ ವಿಷಾನೇ ಉಂಡು ಅರಗಿಸ್ಕೊಳ್ಳಾಕ ಕಲ್ತು, ಮೈಯಾಗ ತುಂಬ್ಕೊಂತು. ಈಗ ಹಕ್ಕಿ ಇದನ್ನ ತಿನ್ನಾಕ ಹೆದರ್ತಾವ. ಗಿಡ ಧಾರಣಿ ಏರಿಸ್ತದ, ಹುಳಾ ಹೊಂದ್ಕೊಂತದ. ಲಕ್ಷಗಟ್ಲೆ ವರ್ಷದ ಚೌಕಾಸಿ ಸಾವ್ಕಾರ್ರ, ನಿಮ್ಮ ಚೌಕಾಸಿಗಿ ಅಪ್ಪನಂಥಾದ್ದು!"

ನಗಿಸಲು ನೋಡಿದರು. ನನಗೆ ನಗು ಬರಲಿಲ್ಲ.

ಶಾಲೆ ತೆರೆದಾಗ ಅವರ ನೌಕರಿ ಮೂರೇ ದಿನ ಉಳಿದಿತ್ತು. ಹೊಸ ಹುಳು ತಂದರೂ ರೆಕ್ಕೆ ಬರುವಷ್ಟು ಸಮಯವಿಲ್ಲ. ಅದೇ ಡಬ್ಬಿ ಹಿಡಿದು ತರಗತಿಗೆ ಹೋದರು. ನಾನು ಬಾಗಿಲಲ್ಲಿ ನಿಂತೆ.

"ನೋಡ್ರಿ, ಕರಿಬೇವಿನ ಎಲಿ ಹಂಗೇ ಅದ. ಹಸದು ಸತ್ತಾವ, ಬ್ಯಾರೆ ಎಲಿಗಿ ಬಾಯಿ ಹಾಕಿಲ್ಲ. ಎಕ್ಕಿ ಕಡದ್ರ ಈ ಪಾತರಗಿತ್ತೀನೂ ಇಲ್ಲ."

ಮುಂದಿನ ಸಾಲಿನ ಹುಡುಗಿ ಎದ್ದಳು. "ಮತ್ತ ಕರಿಬೇವು ಯಾರ್ ಹಾಕಿದ್ರು ಸರ್?"

ಮಾಸ್ತರರು ನನ್ನ ಕಡೆ ತಿರುಗಲೂ ಇಲ್ಲ.

"ನಾನೇ. ವಯಸ್ಸಾತು ನೋಡವ್ವಾ, ಅದಕ್ಕೇ ರಿಟೈರ್ ಮಾಡ್ಲಾಕತ್ತಾರ."

ತರಗತಿಯೆಲ್ಲ ನಕ್ಕಿತು. ಅವರೂ ನಕ್ಕರು.

ಆಮೇಲೆ ಅಣ್ಣನ ಬಳಿ ತಾಂಡೂರಿಗೆ ಹೋದರು. ಎರಡು ವರ್ಷಕ್ಕೆ ಅಲ್ಲೇ ತೀರಿಕೊಂಡರು. ಆ ಮಕ್ಕಳು ಈಗ ಸಂಸಾರಸ್ಥರು. ಸಸಿ ಕೊಳ್ಳಲು ಬಂದರೆ, ಮಾಸ್ತರರು ಕೊನೆಗೆ ಮರೆತು ಕರಿಬೇವು ಹಾಕಿದ್ದನ್ನು ನೆನೆದು ನಗುತ್ತಾರೆ. ಇಷ್ಟು ವರ್ಷ ನಾನೂ ಜೊತೆಗೆ ನಕ್ಕಿದ್ದೇನೆ. ಅವರು ಮರೆತಿರಲಿಲ್ಲ, ಹಾಕಿದವನು ನಾನು.