ಲಿಸ್ಟಿನಿಂದ ನಾನು ತೆಗೆಸಿದ ಹೆಸರು

ಕ್ವಾಕ್, ಕ್ವಾಕ್, ಕ್ವಾಕ್. ಬೆಡೋಕ್‌ನ ನಮ್ಮ ಬ್ಲಾಕಿನ ಕೆಳಗೆ, ಗೋಡೆಯಿಲ್ಲದೆ ತೆರೆದಿರುವ ವಾಯ್ಡ್ ಡೆಕ್ಕಿನಲ್ಲಿ ಬೆಳಿಗ್ಗೆ ಏಳೂವರೆಗೆ ಒಂದು ಹಿಂಡು ಬಾತುಕೋಳಿ ಕೂಗಿಕೊಂಡಿತೆಂದರೆ, ನನ್ನ ಗೆಳತಿ ಕಲ್ಲುಮೇಜಿನ ಮುಂದೆ ಕೂತು ಫೋನ್ ಆನ್ ಮಾಡಿದ್ದಾರೆಂದು ಅರ್ಥ. ಅವರಿಗೆ ಕಿವಿ ಮಂದ. ಮೇಲ್ ಬಂದಾಗ ಕೇಳಿಸಲೆಂದು ಮೊಮ್ಮಗಳು ಆ ಸದ್ದು ಹಾಕಿಕೊಟ್ಟಿದ್ದಳು. ಅಮೆರಿಕದ ಕೋರ್ಟುಗಳು ಕೆಲಸ ಮಾಡುವುದು ನಾವು ಮಲಗಿರುವಾಗ. ಹಾಗಾಗಿ ಅಲ್ಲಿನ ಮೇಲ್‌ಗಳೆಲ್ಲ ಒಟ್ಟಿಗೇ ಬಂದು ಬೀಳುತ್ತಿದ್ದವು.

ಅಮೆರಿಕದಲ್ಲಿ ಮಗಳ ಮನೆಯಲ್ಲಿದ್ದಾಗ ಅವರ ಸೊಂಟಕ್ಕೆ ಹಾಕಿದ ಲೋಹದ ಕೀಲು ಎರಡೇ ವರ್ಷಕ್ಕೆ ಸಡಿಲವಾಗಿತ್ತು. ಕೀಲು ಮಾಡಿದ ಕಂಪನಿಯ ಮೇಲೆ ಮಗಳ ಊರಿನ ಕೋರ್ಟಿನಲ್ಲೇ ಕೇಸು ಹಾಕಿದರು. ಕಂಪನಿಯವರು ಅದನ್ನು ಅಲ್ಲಿಂದ ಎತ್ತಿ ಫೆಡರಲ್ ಕೋರ್ಟಿಗೆ ಒಯ್ದರು. ಅಲ್ಲಿ ಅದು ಇಂಥವೇ ಎಷ್ಟೋ ಕೇಸುಗಳ ಜೊತೆ ಸೇರಿಹೋಯಿತು. ವಕೀಲರೂ ಕೈಬಿಟ್ಟ ಮೇಲೆ, ಕಾಗದಪತ್ರ ಯಾರ್ಯಾರಿಗೆ ಕಳಿಸಬೇಕೆಂಬ ಸರ್ವಿಸ್ ಲಿಸ್ಟಿಗೆ ಇವರ ಹೆಸರನ್ನೇ ಸೇರಿಸಿದರು. ಅಷ್ಟರಲ್ಲಿ ಅವರು ಇಲ್ಲಿ ಮಗನ ಮನೆಗೆ ಬಂದಿದ್ದರು.

"ತಾಲ್ಲೂಕ್ ಕೋರ್ಟಲ್ಲಿದ್ದಿದ್ನ ಡೆಲ್ಲಿಗ್ ಹೊತ್ಕೊಂಡ್ ಹೋದಂಗಾಯ್ತು ಕಣ್ರೀ," ಎನ್ನುತ್ತಿದ್ದರು. "ನಂಗ್ ಬೇಕಾಗಿರೋದು ಒಂದೇ. ಜಡ್ಜ್ ಎದುರಿಗ್ ನಿಂತ್ಕೊಂಡು ನನ್ ಬಾಯಲ್ಲೇ ಹೇಳ್ಬೇಕು. ಆಮೇಲೆ ಅವ್ರೇನಾದ್ರೂ ಮಾಡ್ಕೊಳ್ಲಿ."

ನಾನು ಮೇಲ್‌ಗಳನ್ನು ಓದಿ ಕನ್ನಡದಲ್ಲಿ ಹೇಳಬೇಕು. ನನ್ನದು ಕಾನ್ವೆಂಟ್ ಇಂಗ್ಲಿಷ್ ಅಂತ ಅವರಿಗೆ ಭಾರಿ ನಂಬಿಕೆ. ಹೆಚ್ಚಿನವು ಬೇರೆಯವರ ಕೇಸಿನವು. ಎಷ್ಟೋ ಸಲ ಯಾವುದೋ ವಕೀಲರು 'ನನ್ನ ಕಕ್ಷಿದಾರರ ಕೇಸು ಮುಗಿಯಿತು, ದಯವಿಟ್ಟು ಲಿಸ್ಟಿನಿಂದ ನನ್ನ ಹೆಸರು ತೆಗೆಯಿರಿ' ಎಂದು ಬರೆದಿರುತ್ತಿದ್ದರು.

"ಅಯ್ಯೋ, ಇವ್ರೂ ಹೊರಟ್ರಾ?" ಎಂದು ಗೆಳತಿ ನೊಂದುಕೊಳ್ಳುತ್ತಿದ್ದರು. ಮುಖ ನೋಡದ ವಕೀಲರ ಮೇಲೂ ಅವರಿಗೆ ಮಮತೆ. "ಪಾಪ, ಒಳ್ಳೇ ಹೆಸ್ರಿತ್ತು."

ಒಂದು ದಿನ ಫೋನ್ ತುಂಬಿಹೋಗಿ ಮೊಮ್ಮಗಳ ಡ್ಯಾನ್ಸಿನ ವಿಡಿಯೋ ಬರಲೇ ಇಲ್ಲ. "ಸೋ ಮೆನಿ ಡಕ್ಸ್ ಲಾ, ಅಜ್ಜಿ!" ಎಂದು ಅವಳು ರೇಗಿದಳು. ನಾನು, ಇದಕ್ಕೇನಂತೆ, ಬೇರೆಯವರ ಕೇಸಿನದೆಲ್ಲ ಬೇಡವೆಂದು ಬರೆದರಾಯಿತು ಎಂದೆ. ಲೆಟರ್ ರೈಟಿಂಗಿನಲ್ಲಿ ಸಿಸ್ಟರ್‌ಗಳಿಂದ ಪ್ರೈಜ್ ತೆಗೆದುಕೊಂಡವಳು ನಾನು. ಆ ವಕೀಲರ ಕಾಗದಗಳನ್ನೇ ಮಾದರಿಯಾಗಿಟ್ಟುಕೊಂಡು, ಅದಕ್ಕೆ ನನ್ನ ವಿನಯವನ್ನೂ ಲೇಪಿಸಿ, ಒಂದು ಪುಟ ಬರೆದು ಅವರ ಹೆಸರಿನಲ್ಲಿ ಕಳಿಸಿದೆ. ನಾಲ್ಕೇ ದಿನಕ್ಕೆ ಮೇಲ್‌ಗಳು ನಿಂತವು. ಮೇಜಿನ ಹತ್ತಿರ ಎಷ್ಟು ನೆಮ್ಮದಿ! ತೆಂಗಿನಹಾಲಿನ ಕಾಯಾ ಜಾಮು ಸವರಿದ ಟೋಸ್ಟ್ ತಿಂದುಕೊಂಡು, ಊರ ಮಾತಾಡಿಕೊಂಡು ಆರು ವಾರ ಕಳೆದೆವು.

ನನ್ನ ಸೊಸೆ ಚಾಂಗಿ ಬಿಸಿನೆಸ್ ಪಾರ್ಕಿನಲ್ಲಿ ಒಂದು ಬ್ಯಾಂಕಿನ ಕಾನೂನು ಕಾಗದಗಳನ್ನು ನೋಡಿಕೊಳ್ಳುವವಳು. ಗೆಳತಿಯ ಕೇಸು ಎಲ್ಲಿಗೆ ಬಂತೆಂದು ಒಂದು ಭಾನುವಾರ ಸುಮ್ಮನೆ ಕೇಳಿದೆ, ಅವಳು ಕೋರ್ಟಿನ ಸೈಟ್ ತೆಗೆದು ನೋಡಿದಳು.

"ಅತ್ತೆ, ಏನ್ ಮಾಡಿದೀರಾ ಇದು? ಕೇಸೇ ಮುಗ್ದೋರ್ ಥರ ಬರ್ದಿದೀರಲ್ಲ. ಇಡೀ ಲಿಸ್ಟಿಂದಾನೇ ತೆಗ್ದ್ಬಿಟ್ಟಿದಾರೆ. ಆಂಟಿದೇ ಕೇಸಿನ ಮೇಲ್‌ಗಳೂ ಬಂದಿಲ್ಲ!"

ಈ ಮಧ್ಯೆ ಜಡ್ಜು ಒಂದು ಆರ್ಡರ್ ಮಾಡಿದ್ದರು. ಯಾರ್ಯಾರ ಕೇಸು ಹಳೆಯ ಕೋರ್ಟಿಗೆ ವಾಪಸು ಹೋಗಬೇಕೋ ಅವರು ಬರೆದು ತಿಳಿಸಿದರೆ ಅವರ ಮಾತನ್ನೂ ಕೇಳುತ್ತೇವೆ ಎಂದು. ಗಡುವು ಮುಗಿದು ಒಂಬತ್ತು ದಿನವಾಗಿತ್ತು.

ಹೇಳದೆ ವಿಧಿಯಿರಲಿಲ್ಲ. ಕೇಳಿ ಗೆಳತಿ ಎದ್ದು ಲಿಫ್ಟಿನ ಕಡೆ ಹೋದರು. ಎರಡು ದಿನ ಕೆಳಗಿಳಿಯಲಿಲ್ಲ. ಮೂರನೆಯ ದಿನ ನಾನೇ ಹನ್ನೊಂದನೇ ಫ್ಲೋರಿಗೆ ಹೋಗಿ ಬೆಲ್ ಒತ್ತಿದೆ.

"ಬನ್ನಿ ಕಾನ್ವೆಂಟು," ಎಂದರು, ಮುಖ ಗಂಟಿಕ್ಕಿಕೊಂಡೇ. "ಅಷ್ಟ್ ಚೆನ್ನಾಗ್ ಇಂಗ್ಲಿಷ್ ಬರೀದೇ ಇದ್ದಿದ್ರೆ ಕೋರ್ಟ್ನವ್ರು ತೆಗೀತಾನೇ ಇರ್ಲಿಲ್ಲ." ಆಮೇಲೆ ಕಾಫಿ ಕೊಟ್ಟರು. ಸಕ್ಕರೆ ಹಾಕಿರಲಿಲ್ಲ. ನಾನೂ ಕೇಳಲಿಲ್ಲ.

ಅಲ್ಲೇ ಕೂತು ಎರಡನೆಯ ಕಾಗದ ಬರೆದೆ. ಈ ಸಲ ಅಲಂಕಾರ ಮಾಡಲಿಲ್ಲ. ತಪ್ಪು ಇವರದಲ್ಲ, ಕಾಗದ ಬರೆದುಕೊಟ್ಟ ನನ್ನದು. ಇವರಿಗೆ ಎಂಬತ್ತೊಂದು ವರ್ಷ. ಇವರು ನಿಮ್ಮೆದುರು ಮಾತಾಡಬೇಕಂತೆ. ಇಷ್ಟೇ. ಕೆಳಗೆ ಇಬ್ಬರೂ ಸೈನ್ ಮಾಡಿದೆವು.

ಜಡ್ಜು ಒಪ್ಪಿದರು. ವಿಡಿಯೋದಲ್ಲಿ ಬಂದರೂ ಸರಿ, ಕೋರ್ಟಿಗೇ ಬಂದರೂ ಸರಿ ಎಂದಿತ್ತು. "ಟೀವಿ ಒಳಗ್ ಕೂತು ಮಾತಾಡಕ್ಕೆ ನಾನೇನ್ ನ್ಯೂಸ್ ಓದ್ತೀನಾ?" ಎಂದು ಗೆಳತಿ ಟಿಕೆಟ್ ಬುಕ್ ಮಾಡಿಸಿಯೇಬಿಟ್ಟರು.

ಕೇಸು ಹಳೆಯ ಕೋರ್ಟಿಗೆ ವಾಪಸು ಹೋಗಲಿಲ್ಲ. ಆದರೆ ಅವರು ಮಾತಾಡಿದರು. ಮೇಜು ಹಿಡಿದುಕೊಂಡು ನಿಂತು, ಅರ್ಧ ಇಂಗ್ಲಿಷ್, ಅರ್ಧ ಕನ್ನಡದಲ್ಲಿ. ಜಡ್ಜು ನಡುವೆ ಬಾಯಿ ಹಾಕದೆ ಕೇಳಿಸಿಕೊಂಡರೆಂದು ಅವರ ಮಗಳು ಫೋನ್ ಮಾಡಿ ಹೇಳಿದಳು. ಅಲ್ಲೇ ಮಗಳ ಮನೆಯಲ್ಲಿ ಉಳಿದವರು ಆ ಚಳಿಗಾಲದಲ್ಲಿ ತೀರಿಕೊಂಡರು.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಏರ್‌ಪೋರ್ಟಿನಲ್ಲಿ. ಮೈಸೂರು ಸಿಲ್ಕಿನ ಕೆಳಗೆ ಬಿಳಿ ಕ್ಯಾನ್ವಾಸ್ ಶೂಸು, ವೀಲ್‌ಚೇರು, ತೊಡೆಯ ಮೇಲೆ ಫೈಲು.

"ಜಡ್ಜನ್ನ ಸಾರ್ ಅನ್ಬೋದಾ ರೀ?"

"ಯುವರ್ ಆನರ್ ಅನ್ನಿ. ಅವ್ರು ಹೆಂಗಸು."

"ಹೌದಾ! ಮೊದ್ಲೇ ಹೇಳೋದಲ್ವಾ? ಹಂಗಾದ್ರೆ ಸೊಂಟನೋವು ಅಂದ್ರೇನು ಅಂತ ಬಿಡಿಸ್ ಹೇಳ್ಬೇಕಾಗಿಲ್ಲ."

ಒಳಗೆ ಹೋಗುವ ಬಾಗಿಲಲ್ಲಿ ಅವರು ವೀಲ್‌ಚೇರ್ ನಿಲ್ಲಿಸಿದರು. ಫೈಲನ್ನು ಸೀಟಿನ ಪಕ್ಕಕ್ಕೆ ಸಿಕ್ಕಿಸಿ, ವೀಲ್‌ಚೇರಿನ ಹಿಡಿ ಹಿಡಿದುಕೊಂಡು, ನಿಧಾನವಾಗಿ ಎದ್ದರು. ತಳ್ಳುತ್ತಿದ್ದ ಹೆಂಗಸು "ಆಂಟಿ, ಸಿಟ್ ಲಾ, ಸಿಟ್!" ಎಂದು ಗಾಬರಿಯಾದಳು.

"ನೋಡಿ," ಎಂದು ಗೆಳತಿ ಅಲ್ಲಿಂದಲೇ ನನಗೆ ಕೂಗಿದರು. "ಹಿಂಗ್ ನಿಂತ್ಕೋತೀನಿ. ಸರಿ ಇದ್ಯಾ?"