ದಾದರ್‌ನಲ್ಲಿ ಹಿಡಿದ ಸೀಟು

ಮುಂಬೈ ನನಗೆ ಅಚ್ಚುಮೆಚ್ಚು. ಮೊದಲ ಸಲ ಬಂದಿರುವ ಗುಬ್ಬಿಯ ದೊಡ್ಡಪ್ಪ, ದೊಡ್ಡಮ್ಮನಿಗೆ ಅದನ್ನು ಲೋಕಲ್ ರೈಲಿನಲ್ಲೇ ತೋರಿಸಬೇಕೆಂಬುದು ನನ್ನ ಹಟ. ಮಂಡಿನೋವಿನ ದೊಡ್ಡಮ್ಮನನ್ನು ನಿಲ್ಲಿಸಿಕೊಂಡು ಹೋಗಕೂಡದೆಂಬುದು ದೊಡ್ಡಪ್ಪನ ಹಟ.

ಭಾನುವಾರ ಬೆಳಿಗ್ಗೆ ದಾದರ್ ಸ್ಟೇಷನ್ನಿಗೆ ರೈಲು ಬಂತು. ನಾನು ಬಾಗಿಲ ಕಡೆ ಓಡಿದೆ. ದೊಡ್ಡಪ್ಪ ಮಾತ್ರ ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ ಮಾಡುವ ಹಾಗೆ, ಹೆಗಲ ಮೇಲಿನ ಟವಲನ್ನು ಕಿಟಕಿಯ ಸರಳುಗಳ ನಡುವೆ ತೂರಿಸಿ ಖಾಲಿ ಸೀಟಿನ ಮೇಲೆ ಹಾಕಿದರು.

"ಸೀಟ್ ಹಿಡ್ದಾಯ್ತು. ಓಡ್ಬೇಡ ಕಣೋ, ನಿಧಾನಕ್ಕೆ ಹತ್ತಾನ ಬುಡು."

ಲೋಕಲ್ ಯಾರ ನಿಧಾನಕ್ಕೂ ಕಾಯುವುದಿಲ್ಲ. ನಮ್ಮನ್ನು ಬಿಟ್ಟು, ಟವಲಿನ ಸಮೇತ ಹೊರಟೇಬಿಟ್ಟಿತು. ನನಗೆ ಆಶ್ಚರ್ಯವಾದದ್ದು ಬೇರೆ: ಕಣ್ಣಿಗೆ ಕಾಣುವವರೆಗೂ ಆ ಟವಲಿನ ಮೇಲೆ ಯಾರೂ ಕೂರಲಿಲ್ಲ.

"ಟ್ಯಾಕ್ಸಿ ಮಾಡ್ಲಾ ದೊಡ್ಡಮ್ಮ?" ಎಂದೆ, ಸೋತು.

"ಯಾಕೆ? ಇನ್ನೊಂದು ಬರ್ಲಿ ಬುಡು."

ಇನ್ನೊಂದು ಬಂದು ಪೂರ್ತಿ ನಿಲ್ಲುವಷ್ಟರಲ್ಲಿ ದೊಡ್ಡಮ್ಮ ನಮ್ಮಿಬ್ಬರನ್ನೂ ಮೊಣಕೈಯಲ್ಲಿ ಸರಿಸಿ, ಜನರ ನಡುವೆ ನುಗ್ಗಿ ಹತ್ತಿಯಾಗಿತ್ತು. ನಾವು ಒಳಗೆ ಹೋದಾಗ ಅವಳು ಕಿಟಕಿಗೆ ಕೂತು, ಪಕ್ಕದ ಸೀಟಿನ ಮೇಲೆ ಸೆರಗು ಹಾಸಿ, ನಿಂತವರನ್ನೆಲ್ಲ ದುರುಗುಟ್ಟಿ ನೋಡುತ್ತಿದ್ದಳು.

"ಬನ್ರೀ, ಕೂತ್ಕಳಿ," ಎಂದಳು ಗಂಡನಿಗೆ. "ಈ ಸೆರಗು ನನ್ನ ಬುಟ್ಟು ಎಲ್ಲೂ ಹೋಗಲ್ಲ."