ಹೊನ್ನೆಯ ಬೇರು

ಮೊನ್ನೆ ಕೃಷ್ಣಗಿರಿಯಿಂದ ಬರುವಾಗ ಬಸ್ಸಿನ ಕಿಟಕಿಯಿಂದ ಜಾಲಾರಿ ಹೂವಿನ ವಾಸನೆ ಬಂತು. ಎಷ್ಟೋ ವರ್ಷಗಳ ಮೇಲೆ ಕಾಡು ಕಾಯುತ್ತಿದ್ದ ವಾಚರ್ ನೆನಪಾದರು...

ಎಂಬತ್ತರ ದಶಕದ ಮೊದಲ ವರ್ಷಗಳು. ಡಿಗ್ರಿ ಮುಗಿಸಿ, ಹೊಸೂರು ಕಡೆಯ ಮೀಸಲು ಕಾಡೊಂದರಲ್ಲಿ ಮರ ಎಣಿಸುವ ಕೆಲಸಕ್ಕೆ ದಿನಗೂಲಿಯ ಮೇಲೆ ಸೇರಿದ್ದೆ. ಎದೆಯೆತ್ತರದ ಹುಲ್ಲು, ನಡುವೆ ಅಲ್ಲಲ್ಲಿ ಮರಗಳು. ಹಗ್ಗ ಎಳೆದು ಚೌಕ ಮಾಡಿ, ಒಳಗಿರುವ ಮರಗಳ ಜಾತಿಯನ್ನೂ ತಾನಾಗಿ ಹುಟ್ಟಿದ ಮರಿಗಿಡಗಳನ್ನೂ ಬರೆಯಬೇಕು. ಹೆಸರು ಹೇಳುತ್ತಿದ್ದವರು ವಾಚರ್. ತೊಗಟೆ ಕೆರೆದು ಮೂಸಿ, ದಿಂಡಿಗ, ಕಮರ, ತುಪ್ರ ಎಂದುಬಿಡುವರು.

ಅವರು ಜ್ವರದಿಂದ ಮಲಗಿದ್ದ ವಾರ ನಾನೊಬ್ಬನೇ ಹೋದೆ. ಬೆಂಕಿ ಹಾಯ್ದು ನೆಲವೆಲ್ಲ ಕಪ್ಪಾಗಿತ್ತು. ನಾಲ್ಕು ಚೌಕ ನೋಡಿದೆ, ಒಂದು ಮರಿಗಿಡವೂ ಕಾಣಲಿಲ್ಲ. ಬಿಸಿಲು ತಡೆಯಲಾಗದೆ, ಉಳಿದವಕ್ಕೂ ಮರಿಗಿಡ ಸೊನ್ನೆ ಎಂದು ಬರೆದು ಆಫೀಸಿಗೆ ಕೊಟ್ಟೆ.

ಹತ್ತು ದಿನಕ್ಕೆ ಸುದ್ದಿ ಬಂತು. ಆ ಕಾಡಿನಲ್ಲಿ ಹೊಸ ಗಿಡ ಹುಟ್ಟುತ್ತಿಲ್ಲ, ಕಡಿದು ನೀಲಗಿರಿ ನೆಡುತ್ತಾರೆ, ಅರಣ್ಯ ಇಲಾಖೆಯ ಸಾಹೇಬರು ಜಾಗ ನೋಡಲು ಬರುತ್ತಾರೆ.

"ಸೊನ್ನೆ ಅಂತ ನೀವೇ ಬರುದ್ರಾ ಸಾಮಿ?" ಎಂದರು ವಾಚರ್. "ಬಗ್ಗಿ ನೋಡುದ್ರಾ?"



ಜೀಪು ಬಂತು. ಸಾಹೇಬರು ತಮಿಳಿನಲ್ಲಿ ಏನೋ ಹೇಳುತ್ತಿರುವಾಗಲೇ ವಾಚರ್ ಹಾರೆ ಹಿಡಿದು, ಬೆರಳುದ್ದದ ಸುಟ್ಟ ಕಡ್ಡಿಯೊಂದರ ಬುಡ ಅಗೆಯತೊಡಗಿದರು. ಸಾಹೇಬರು ಎರಡು ಸಲ ಗಡಿಯಾರ ನೋಡಿದರು. ವಾಚರ್ ನಿಲ್ಲಿಸಲಿಲ್ಲ. ಕೊನೆಗೆ ಎಳೆದು ತೆಗೆದ ಬೇರು ನನ್ನ ಮುಂಗೈಯಷ್ಟು ದಪ್ಪವಿತ್ತು.

"ಹೊನ್ನೆ ಸಾಮಿ. ವರ್ಸ ವರ್ಸ ಮ್ಯಾಲಿನ ಕಡ್ಡಿ ಸುಟ್ಟೋಯ್ತದೆ, ಒಳಗೆ ಬೇರು ಬಲೀತಾ ಇರ್ತದೆ. ಸಕ್ತಿ ಬಂದ ವರ್ಸ ಎದ್ದು ನಿಂತ್ಕತದೆ. ಇಲ್ಲೆಲ್ಲಾ ಅಂಗೇ ಅವೆ."

"ಮತ್ತೆ ಲೆಕ್ಕದಲ್ಲಿ ಸೊನ್ನೆ ಯಾಕೆ?" ಸಾಹೇಬರ ದನಿ ಏರಿತು.

ವಾಚರ್ ನನ್ನ ಕಡೆ ತಿರುಗಲಿಲ್ಲ. "ನಂದೇ ತಪ್ಪು. ನಾನು ತೋರಿಸ್ಲಿಲ್ಲ."

ಮನೆಯಲ್ಲಿ ಐದು ಜನರ ಊಟ ಆ ಕೂಲಿಯ ಮೇಲೆ ನಡೆಯುತ್ತಿದ್ದ ಮನುಷ್ಯ. ಸಾಹೇಬರು ಜೀಪಿನತ್ತ ತಿರುಗಿದಾಗ, "ಇವರು ಅಂದು ಇರಲಿಲ್ಲ ಸರ್. ನಾನೇ ನೋಡದೆ ಬರೆದೆ," ಎಂದೆ.

ಅಂದೇ ನನ್ನ ಕೆಲಸ ಹೋಯಿತು. ಅವರ ಕೆಲಸ ಉಳಿಯಿತು. ಮಳೆ ಬಿದ್ದ ಮೇಲೆ ಮತ್ತೆ ಎಣಿಸಿ ನಿರ್ಧರಿಸೋಣ ಎಂದರಂತೆ ಸಾಹೇಬರು. ಕಾಡಿನ ನಡುವೆ ಹರಿಯುವ ಹಳ್ಳದ ಈಚೆಯ ಭಾಗ ಉಳಿಯಿತು, ಆಚೆಯದನ್ನು ಅಷ್ಟರಲ್ಲೇ ಕಡಿದು ನೀಲಗಿರಿ ನೆಟ್ಟಾಗಿತ್ತು ಎಂದು ಆಮೇಲೆ ಯಾರೋ ಹೇಳಿದರು. ನಾಚಿಕೆಯಿಂದ ನಾನು ಆ ಕಡೆ ತಲೆ ಹಾಕಲಿಲ್ಲ...

ಮೊನ್ನೆ ಬಸ್ಸಿಳಿದು ಅವರ ಊರಿಗೆ ನಡೆದುಹೋದೆ. ಅವರು ತೀರಿಕೊಂಡು ಬಹಳ ವರ್ಷವಾಗಿತ್ತು. ನಾನು ಯಾರೆಂದು ಹೇಳಿದಾಗ ಅವರ ಮಗಳು ಜಗಲಿಯ ಮೇಲೆ ಕೂರಿಸಿ ನೀರು ಕೊಟ್ಟರು.

"ಆ ವರ್ಸ ಮಳೆ ಬಂದ್ಮ್ಯಾಕೆ ಅಪ್ಪ ಒಬ್ನೇ ಓಗಿ, ನಿಮ್ಮ ಚೌಕ್ದಾಗಿರೋ ಮರಿ ಎಲ್ಲಾ ಎಣಿಸ್ಕಂಡು ಬಂದಿದ್ದ," ಎಂದರು. "ನಿಮ್ಗೇ ಯೋಳ್ಬೇಕು ಅಂತ ಕಾಯ್ತಿದ್ದ. ಎಷ್ಟು ಅಂತ ನಮ್ಗ್ಯಾರ್ಗೂ ಯೋಳ್ಲಿಲ್ಲ."